ಮೊದಲ ಗುಟುಕಿನ ಸಕ್ಕರೆ

ಬಾಟಲಿಯ ಮೇಲೆ ಬೆಂಕಿ ಉಗುಳುವ ಕೆಂಪು ಭೂತವೊಂದರ ಚಿತ್ರವಿದೆ. ಮಕ್ಕಳ ಚಿತ್ರಕಥೆಯ ಪುಟದಿಂದ ಎದ್ದು ಬಂದಂತಹ ಭೂತ. ಹೆಸರು ‘ಫೈರ್‌ಬಾಲ್’. ಜಾಹೀರಾತಿನ ಘೋಷವಾಕ್ಯದ ಅರ್ಥ ಇಷ್ಟು: ರುಚಿ ಸ್ವರ್ಗದ್ದು, ಉರಿ ನರಕದ್ದು. ಅಮೆರಿಕದ ಮದ್ಯದಂಗಡಿಗಳಲ್ಲಿ ಕಳೆದ ಒಂದೂವರೆ ದಶಕದಲ್ಲಿ ಅತ್ಯಂತ ವೇಗವಾಗಿ ಬೆಳೆದ ಪಾನೀಯಗಳಲ್ಲಿ ಇದೂ ಒಂದು. ಕೆನಡಾದ ವಿಸ್ಕಿಗೆ ದಾಲ್ಚಿನ್ನಿಯ ಪರಿಮಳ ಮತ್ತು ಧಾರಾಳ ಸಿಹಿ ಬೆರೆಸಿ, ಮದ್ಯಸಾರದ ಪ್ರಮಾಣವನ್ನು ಶೇ. 33ಕ್ಕೆ ಇಳಿಸಿ ತಯಾರಿಸಿದ್ದು. ವಿಸ್ಕಿಯ ಒಗರು, ಹೊಗೆ, ಗಂಟಲು ಸುಡುವ ಖಾರ ಇವನ್ನೆಲ್ಲ ಸಹಿಸಲಾಗದ ಹೊಸಬರಿಗೆ ಹೇಳಿ ಮಾಡಿಸಿದಂತಿದೆ.

ಕುಡಿಯದವರೇ ಹೆಚ್ಚಾಗಿ ಓದುವ ಪತ್ರಿಕೆಯಲ್ಲಿ ಒಂದು ಮದ್ಯದ ವಿಮರ್ಶೆ ಏಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪುಸ್ತಕ, ಸಿನಿಮಾ, ಧಾರಾವಾಹಿಗಳನ್ನು ವಿಮರ್ಶೆಗೆ ಒಡ್ಡುವ ನಾವು, ಕೋಟ್ಯಂತರ ಜನರ ನಾಲಿಗೆಯನ್ನು ತಿದ್ದುತ್ತಿರುವ ಸರಕುಗಳನ್ನು ಮಾತ್ರ ವಿಮರ್ಶೆಯ ಹೊರಗಿಟ್ಟಿದ್ದೇವೆ. ಅವುಗಳನ್ನು ಒಂದೋ ಖಂಡಿಸುತ್ತೇವೆ, ಇಲ್ಲವೇ ಕಂಡೂ ಕಾಣದಂತೆ ಸಾಗುತ್ತೇವೆ. ಒಂದು ಬಾಟಲಿ ಕೂಡ ಒಂದು ಪಠ್ಯವೇ. ಅದಕ್ಕೆ ಲೇಖಕರಿದ್ದಾರೆ, ಅವರ ಮನಸ್ಸಿನಲ್ಲಿ ಒಬ್ಬ ನಿರ್ದಿಷ್ಟ ಓದುಗನಿದ್ದಾನೆ. ಫೈರ್‌ಬಾಲ್ ಎಂಬ ಪಠ್ಯದ ಓದುಗ ಯಾರು ಎಂಬುದನ್ನು ಕೇಳಲು ಈ ಬರಹ.

ಕಂಪನಿ ಹೇಳುವ ಹುಟ್ಟುಕಥೆ ಹೀಗಿದೆ: ಕೆನಡಾದ ಕೊರೆಯುವ ಚಳಿಯಲ್ಲಿ ಮೈ ಬೆಚ್ಚಗಾಗಿಸಿಕೊಳ್ಳಲು ಬಾರ್ ನೌಕರನೊಬ್ಬ ಇದನ್ನು ಕಂಡುಹಿಡಿದನಂತೆ. ಮದ್ಯ ಮೈಯನ್ನು ಬೆಚ್ಚಗಾಗಿಸುವುದಿಲ್ಲ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಭಾಸವಾಗುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತದೆ. ಕಥೆ ಇರಲಿ. ದಾಖಲೆಯಲ್ಲಿ ಇರುವುದು ಇಷ್ಟು: 1980ರ ದಶಕದಲ್ಲಿ ಸೀಗ್ರಾಮ್ ಎಂಬ ದೊಡ್ಡ ಮದ್ಯದ ಕಂಪನಿ ‘ಡಾಕ್ಟರ್ ಮೆಕ್‌ಗಿಲಿಕಡ್ಡಿ’ ಹೆಸರಿನ ಸಿಹಿ ಮದ್ಯಗಳ ಸಾಲಿನಲ್ಲಿ ಇದನ್ನು ತಯಾರಿಸಿತು. 1989ರಲ್ಲಿ ಸಜೆರಾಕ್ ಎಂಬ ಅಮೆರಿಕದ ಕಂಪನಿ ಅದನ್ನು ಕೊಂಡುಕೊಂಡಿತು. ಸುಮಾರು ಎರಡು ದಶಕ ಯಾರೂ ಅದರ ಗೊಡವೆಗೆ ಹೋಗಲಿಲ್ಲ. 2007ರಲ್ಲಿ ‘ಫೈರ್‌ಬಾಲ್ ಸಿನಮನ್ ವಿಸ್ಕಿ’ ಎಂದು ಹೆಸರು ಬದಲಾಯಿತು.

ಬದಲಾದದ್ದು ಮುಖ್ಯವಾಗಿ ಹೆಸರು ಎಂಬುದನ್ನು ಗಮನಿಸಬೇಕು. ಹಳೆಯ ಹೆಸರಿನಲ್ಲಿ ಅದು ಅಜ್ಜನ ಕಾಲದ ಔಷಧದ ಸೀಸೆಯಂತೆ ಕೇಳುತ್ತಿತ್ತು. ಹೊಸ ಹೆಸರಿನಲ್ಲಿ ಅದು ಒಂದು ಸವಾಲಾಯಿತು. ಕುಡಿದರೆ ಧೈರ್ಯವಂತ, ಕುಡಿಯದಿದ್ದರೆ ಪುಕ್ಕಲ. ಟಿವಿ ಜಾಹೀರಾತಿಗೆ ಹಣ ಸುರಿಯದೆ, ಕಾಲೇಜುಗಳಿರುವ ಊರುಗಳ ಬಾರುಗಳಿಗೆ ಹೋಗಿ ತಣ್ಣಗಿನ ಪುಟ್ಟ ಲೋಟಗಳಲ್ಲಿ ಅದನ್ನು ಹಂಚಿದರು. ಉಳಿದದ್ದನ್ನು ಫೇಸ್‌ಬುಕ್ ಮಾಡಿತು. ಬಾರುಗಳನ್ನು ಬಿಟ್ಟು, ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್, ದಿನಸಿ ಅಂಗಡಿಗಳ ಲೆಕ್ಕವನ್ನಷ್ಟೇ ಹಿಡಿದರೆ 2011ರಲ್ಲಿ ಅಮೆರಿಕದಲ್ಲಿ ಅದರ ಮಾರಾಟ ಸುಮಾರು 19 ಲಕ್ಷ ಡಾಲರ್. 2013ರಲ್ಲಿ 6 ಕೋಟಿ 10 ಲಕ್ಷ ಡಾಲರ್. ಎರಡೇ ವರ್ಷಗಳಲ್ಲಿ ಮೂವತ್ತು ಪಟ್ಟಿಗಿಂತ ಹೆಚ್ಚು!

ಇದು ಒಂಟಿ ಯಶಸ್ಸಲ್ಲ. 2009ರಲ್ಲಿ ಜಿಮ್ ಬೀಮ್ ಕಂಪನಿ ಕಪ್ಪು ಚೆರ್ರಿ ಹಣ್ಣಿನ ರುಚಿಯ ‘ರೆಡ್ ಸ್ಟ್ಯಾಗ್’ ತಂದಿತು. 2011ರಲ್ಲಿ ಜ್ಯಾಕ್ ಡೇನಿಯಲ್ಸ್‌ನ ಜೇನುತುಪ್ಪದ ಅವತಾರ ಬಂತು, ಶೇ. 35ರದ್ದು. ಬಳಿಕ ಸೇಬು, ಕೊನೆಗೆ ಕಡಲೆಕಾಯಿ ಬೆಣ್ಣೆ. ದಕ್ಷಿಣ ಕೊರಿಯಾದಲ್ಲಿ 2009ರಲ್ಲೇ ಶೇ. 36.5ರ ‘ಗೋಲ್ಡನ್ ಬ್ಲೂ’ ಬಂದಿತ್ತು. ಅದು ಜನಪ್ರಿಯವಾದದ್ದು ಕಂಡು ಹಳೆಯ ಬ್ರ್ಯಾಂಡುಗಳೂ ಶೇ. 35ಕ್ಕೆ ಇಳಿದವು. ಸ್ಕಾಟ್ಲೆಂಡಿನ ಬ್ಯಾಲಂಟೈನ್ಸ್ ಕೂಡ 2013ರಲ್ಲಿ ನಿಂಬೆಯ ರುಚಿ ಸೇರಿಸಿ ಶೇ. 35ರ ‘ಬ್ರಸಿಲ್’ ಮಾರುಕಟ್ಟೆಗೆ ಬಿಟ್ಟಿತು. ಸ್ಕಾಟ್ಲೆಂಡಿನ ಕಾನೂನು ಕಟ್ಟುನಿಟ್ಟು: ಶೇ. 40ಕ್ಕಿಂತ ಕಡಿಮೆ ಇದ್ದರೆ, ರುಚಿ-ಸಿಹಿ ಬೆರೆಸಿದರೆ ಅದು ಸ್ಕಾಚ್ ವಿಸ್ಕಿ ಅಲ್ಲ. ಹಾಗಾಗಿ ಅದನ್ನು ‘ಸ್ಪಿರಿಟ್ ಡ್ರಿಂಕ್’ ಎಂಬ ಬೇರೆ ಹೆಸರಿನಲ್ಲಿ ಮಾರಬೇಕಾಯಿತು. ಅಮೆರಿಕದ ಕಾನೂನು ಸ್ವಲ್ಪ ಉದಾರಿ. ಅಲ್ಲಿ ವಿಸ್ಕಿ ಎಂದರೆ ಕನಿಷ್ಠ ಶೇ. 40 ಇರಬೇಕು. ಆದರೆ ‘ರುಚಿ ಬೆರೆಸಿದ ವಿಸ್ಕಿ’ ಎಂಬ ಇನ್ನೊಂದು ವರ್ಗವಿದೆ, ಅದಕ್ಕೆ ಶೇ. 30 ಸಾಕು. ಫೈರ್‌ಬಾಲ್ ಬದುಕಿರುವುದು ಈ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ.

ವಿಸ್ಕಿ ಪಂಡಿತರಿಗೆ ಇದನ್ನು ಕಂಡರೆ ಆಗುವುದಿಲ್ಲ. ಓಕ್ ಮರದ ಪೀಪಾಯಿಯಲ್ಲಿ ಹತ್ತು ಹನ್ನೆರಡು ವರ್ಷ ಮಲಗಿಸಿದ ಪಾನೀಯದ ಘನತೆಗೆ ಇದರಿಂದ ಧಕ್ಕೆಯಾಯಿತು ಎಂದು ಅವರು ಕೊರಗುತ್ತಾರೆ. ಆ ಕೊರಗಿನಲ್ಲಿ ನಮಗೆ ಪಾಲಿಲ್ಲ. ಒಂದು ಅಮಲಿಗೆ ಮಣ್ಣಿನ, ಹೊಗೆಯ, ಕುಲದ ಕಥೆ ಕಟ್ಟಿ ಅದನ್ನು ಅಭಿರುಚಿಯೆಂದು ಕರೆಯುವುದು, ಇನ್ನೊಂದನ್ನು ಮಿಠಾಯಿಯೆಂದು ಹಂಗಿಸುವುದು - ಇದರಲ್ಲಿ ವರ್ಗದ ಅಹಂಕಾರವೇ ಹೆಚ್ಚು. ಆದರೆ ಆ ಪಂಡಿತರು ತಮಗರಿವಿಲ್ಲದೆ ಒಂದು ಸತ್ಯವನ್ನು ಹೇಳುತ್ತಾರೆ. ವಿಸ್ಕಿಯ ರುಚಿ ಯಾರಿಗೂ ಮೊದಲ ದಿನವೇ ಹಿಡಿಸುವುದಿಲ್ಲ, ಅದನ್ನು ಕಷ್ಟಪಟ್ಟು ಕಲಿಯಬೇಕು ಎಂಬುದೇ ಆ ಸತ್ಯ. ಅವರ ಪಾಲಿಗೆ ಅದು ಸಾಧನೆ. ನಮ್ಮ ಪಾಲಿಗೆ ಅದು ಬೇಲಿ. ಕಂಪನಿಯವರಿಗೆ ಅದು ಬರೀ ಅಡ್ಡಿ.

ಆ ಬೇಲಿ ಹೇಗಿರುತ್ತದೆ ಎಂದು ತುಸು ನೋಡೋಣ. ಮದ್ಯ ನಾಲಿಗೆಗೆ ತಾಗಿದಾಗ ಸುಡುತ್ತದೆಯಲ್ಲ, ಅದು ಬರೀ ಉಪಮೆಯಲ್ಲ. ನಮ್ಮ ನರಗಳಲ್ಲಿ ಶಾಖವನ್ನು ಗುರುತಿಸುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಖಾರಕ್ಕೂ ಅದೇ ಗ್ರಾಹಕ ಮಿಡಿಯುತ್ತದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುವ ಅದು, ಮದ್ಯಸಾರ ತಾಗಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ ಎಂದು 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ನಮ್ಮ ಬಾಯಿಯ ಬಿಸಿ ಅದಕ್ಕಿಂತ ಜಾಸ್ತಿ. ಹಾಗಾಗಿ ನಮ್ಮದೇ ಮೈಶಾಖ ನಮಗೆ ಉರಿಯಾಗಿ ಭಾಸವಾಗುತ್ತದೆ. ಇದರ ಜೊತೆಗೆ ಕಹಿ. ಕಹಿಯನ್ನು ಉಗಿಯುವುದು ಹಸುಗೂಸಿಗೂ ಗೊತ್ತು. ಅಂದರೆ ಮೊದಲ ಗುಟುಕಿಗೆ ಮುಖ ಕಿವುಚಿಕೊಳ್ಳುವ ಹುಡುಗನಲ್ಲಿ ಯಾವ ಕೊರತೆಯೂ ಇಲ್ಲ. ಅವನ ದೇಹ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಫೈರ್‌ಬಾಲ್‌ನ ಜಾಣತನ ಇರುವುದು ಇಲ್ಲಿ. ಸಿಹಿಯಿಂದ ಕಹಿಯನ್ನು ಮುಚ್ಚುವುದು ಹಳೆಯ ಉಪಾಯ, ಕಷಾಯಕ್ಕೆ ಬೆಲ್ಲ ಹಾಕುವ ನಮ್ಮ ಅಜ್ಜಿಯರೂ ಬಲ್ಲರು. ಆದರೆ ಉರಿಯನ್ನು ಮುಚ್ಚುವುದು ಹೇಗೆ? ಇವರು ಉರಿಯನ್ನು ಮುಚ್ಚಲೇ ಇಲ್ಲ, ಅದರ ಒಡೆತನವನ್ನು ಬದಲಾಯಿಸಿದರು. ದಾಲ್ಚಿನ್ನಿಯ ಸಾರಕ್ಕೂ ತನ್ನದೇ ಆದ ಉರಿಯಿದೆ, ಅದು ಬೇರೊಂದು ಗ್ರಾಹಕವನ್ನು ತಟ್ಟುತ್ತದೆ. ಅಮೆರಿಕದ ಮಕ್ಕಳಿಗೆ ಆ ಉರಿ ಚೆನ್ನಾಗಿ ಪರಿಚಿತ. ಅಲ್ಲಿ ದಾಲ್ಚಿನ್ನಿಯ ಖಾರದ ಕೆಂಪು ಮಿಠಾಯಿಗಳು ತಲೆಮಾರುಗಳಿಂದ ಇವೆ. ನಮ್ಮಲ್ಲಿ ಚಕ್ಕೆ ಎಂದರೆ ಬಿರಿಯಾನಿಯ ಪರಿಮಳ ನೆನಪಾಗುವಂತೆ ಅಲ್ಲಿನವರಿಗೆ ಮಿಠಾಯಿಯ ಬಾಲ್ಯ ನೆನಪಾಗುತ್ತದೆ. ಗಂಟಲು ಉರಿದಾಗ ಕುಡಿಯುವವನು ಅದನ್ನು ಮಿಠಾಯಿಯ ಉರಿಯೆಂದೇ ತಿಳಿಯುತ್ತಾನೆ. ಎಚ್ಚರಿಕೆಯ ಗಂಟೆ ಬಾರಿಸುತ್ತಲೇ ಇದೆ, ಕೇಳುವವನಿಗೆ ಮಾತ್ರ ಅದು ಜಾತ್ರೆಯ ಗಂಟೆ. ಒಂದು ರೀತಿಯಲ್ಲಿ ಇದು ಬಹಳ ಚೆನ್ನಾಗಿ ಬರೆದ ಪಠ್ಯ ಎಂದು ಒಪ್ಪಲೇಬೇಕು. ಚೆನ್ನಾಗಿ ಬರೆದದ್ದೆಲ್ಲ ಒಳ್ಳೆಯದಕ್ಕೇ ಬರೆದದ್ದಾಗಿರಬೇಕಿಲ್ಲ.

ಇಷ್ಟಕ್ಕೂ ಮದ್ಯಸಾರ ಕಡಿಮೆ ಇದೆಯಲ್ಲ, ಅದು ಒಳ್ಳೆಯದೇ ಅಲ್ಲವೇ ಎಂಬ ವಾದವೊಂದಿದೆ. ಶೇ. 40ಕ್ಕಿಂತ ಶೇ. 33 ಕಡಿಮೆ, ಲೆಕ್ಕ ಸರಿಯೇ. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. 60 ಮಿಲಿಲೀಟರ್‌ನ ಒಂದು ಪೆಗ್ ವಿಸ್ಕಿಯಲ್ಲಿ 24 ಮಿ.ಲೀ. ಶುದ್ಧ ಮದ್ಯಸಾರವಿರುತ್ತದೆ. ಅಷ್ಟೇ ಫೈರ್‌ಬಾಲ್‌ನಲ್ಲಿ ಸುಮಾರು 20 ಮಿ.ಲೀ. ಉಳಿತಾಯ ನಾಲ್ಕು ಮಿ.ಲೀ., ಒಂದು ಚಹಾ ಚಮಚೆಗೂ ಕಡಿಮೆ. ಶೇ. 5ರ 330 ಮಿ.ಲೀ. ಬಿಯರ್‌ನ ಇಡೀ ಬಾಟಲಿಯಲ್ಲಿ ಇರುವುದೇ 16.5 ಮಿ.ಲೀ. ಹಾಗಾಗಿ ಇದು ‘ಹಗುರ’ ಎಂಬುದು ವಿಸ್ಕಿಯ ಪಕ್ಕದಲ್ಲಿ ನಿಲ್ಲಿಸಿದಾಗ ಮಾತ್ರ.

ಇನ್ನೂ ಮುಖ್ಯವಾದದ್ದು ಕುಡಿಯುವ ರೀತಿ. ಕಟುವಾದ ವಿಸ್ಕಿಯನ್ನು ಹೊಸಬ ಬೇಗ ಬೇಗ ಕುಡಿಯಲಾರ, ನೀರೋ ಸೋಡವೋ ಬೆರೆಸಿ ಗುಟುಕರಿಸಬೇಕು. ಇದನ್ನು ಫ್ರಿಜ್‌ನಲ್ಲಿ ತಣ್ಣಗೆ ಮಾಡಿ, ಪುಟ್ಟ ಲೋಟದಲ್ಲಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ಳುವುದು ಅಲ್ಲಿನ ರೂಢಿ. ಗೆಳೆಯರೆಲ್ಲ ಒಟ್ಟಿಗೆ, ಎಣಿಸಿ, ಒಮ್ಮೆಗೇ. ಎರಡು ಪೆಗ್‌ಗೆ ನಿಲ್ಲಬೇಕಾದಲ್ಲಿ ಮೂರಾದರೆ 48 ಮಿ.ಲೀ. ಜಾಗದಲ್ಲಿ 59 ಮಿ.ಲೀ. ಮದ್ಯಸಾರ ಹೊಟ್ಟೆ ಸೇರಿತು. ‘ಕಡಿಮೆ’ ಎಂಬುದು ಹೀಗೆ ‘ಹೆಚ್ಚು’ ಆಗುತ್ತದೆ. ಇದಕ್ಕೆ ಯಾವ ಮಂತ್ರವೂ ಬೇಡ, ಮೂರನೇ ಸುತ್ತು ಸಾಕು.

ಈ ತಂತ್ರಕ್ಕೆ ಒಬ್ಬ ಪೂರ್ವಜನಿದ್ದಾನೆ. 1874ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಮಾರ್ಟಿನ್ ವಿಲ್ಕ್ಸ್ ಹೆರನ್ ಎಂಬ ಬಾರ್ ನೌಕರ, ಆ ಕಾಲದ ಒರಟು ವಿಸ್ಕಿಯನ್ನು ಹಣ್ಣು, ಮಸಾಲೆಗಳಿಂದ ಮೆದುಗೊಳಿಸಿ ‘ಸದರ್ನ್ ಕಂಫರ್ಟ್’ ಎಂಬ ಪಾನೀಯ ಮಾಡಿದ. ಒಬ್ಬ ಗಿರಾಕಿಗೆ ಎರಡೇ, ಸಭ್ಯನಾದವನು ಹೆಚ್ಚು ಕೇಳಲಾರ ಎಂಬರ್ಥದ ಫಲಕವನ್ನು ಆತ ಹಾಕಿಸಿದ್ದನೆಂದು ಹೇಳುತ್ತಾರೆ. ಆ ಫಲಕವೂ ಜಾಹೀರಾತೇ ಇರಬಹುದು. ಆದರೂ ತಾನು ಸಿಹಿಗೊಳಿಸಿದ ವಸ್ತು ಅಪಾಯಕಾರಿ ಎಂಬ ಅರಿವು ಅದರಲ್ಲಿತ್ತು. ಮುಂದೆ ಈ ಬ್ರ್ಯಾಂಡು ಕೈಯಿಂದ ಕೈಗೆ ಹೋಯಿತು. 1979ರಲ್ಲಿ ಬ್ರೌನ್-ಫೋರ್ಮನ್ ಕಂಪನಿ ಕೊಂಡಿತು. ವಿಸ್ಕಿಯ ಜಾಗದಲ್ಲಿ ಅಗ್ಗದ, ರುಚಿ-ವಾಸನೆ ಇಲ್ಲದ ಧಾನ್ಯದ ಸ್ಪಿರಿಟ್ ಬಂತು. ಸಿಹಿ ಇದ್ದುದರಿಂದ ಬಹುಪಾಲು ಕುಡುಕರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. 2016ರಲ್ಲಿ ಅದನ್ನೂ ಕೊಂಡದ್ದು ಫೈರ್‌ಬಾಲ್‌ನ ಯಜಮಾನ ಸಜೆರಾಕ್. ಮರುವರ್ಷ ‘ವಿಸ್ಕಿಯನ್ನು ಮರಳಿ ತಂದಿದ್ದೇವೆ’ ಎಂದು ಅದೇ ಕಂಪನಿ ಹೆಮ್ಮೆಯಿಂದ ಸಾರಿತು.

ಒಂದು ಬಾಟಲಿಗೆ ವಿಸ್ಕಿಯನ್ನು ಮರಳಿ ತಂದವರು ಇನ್ನೊಂದು ಬಾಟಲಿಯಿಂದ ಅದನ್ನು ತೆಗೆದರು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಬಟ್ಟಿ ಇಳಿಸಿದ ಮದ್ಯವನ್ನು ದಿನಸಿ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಮಾರುವಂತಿಲ್ಲ, ಬಿಯರ್ ಜಾತಿಯದ್ದನ್ನೋ ವೈನನ್ನೋ ಮಾರಬಹುದು. 2020ರಿಂದ ಅಂತಹ ಅಂಗಡಿಗಳ ಗಲ್ಲಾಪೆಟ್ಟಿಗೆಯ ಬಳಿ ಫೈರ್‌ಬಾಲ್‌ನ 50 ಮಿ.ಲೀ. ಪುಟ್ಟ ಸೀಸೆಗಳು ಕಾಣಿಸಿಕೊಂಡವು. ಬೆಲೆ 99 ಸೆಂಟ್. ಅದೇ ಭೂತ, ಅದೇ ಬಣ್ಣ, ಅದೇ ಅಕ್ಷರ. ಆದರೆ ಹೆಸರಿನಲ್ಲಿ ‘ವಿಸ್ಕಿ’ ಎಂಬ ಒಂದು ಪದ ಮಾತ್ರ ಮಾಯ. ಒಳಗಿದ್ದದ್ದು ಮಾಲ್ಟ್ ಪಾನೀಯ, ಮದ್ಯಸಾರ ಶೇ. 16.5, ಅಂದರೆ ನಿಖರವಾಗಿ ಅರ್ಧ. ಕೆಳಗೆ ಸಣ್ಣ ಅಕ್ಷರಗಳಲ್ಲಿ, ವಿಸ್ಕಿಯ ಮತ್ತಿತರ ನೈಸರ್ಗಿಕ ರುಚಿ ಹಾಗೂ ಕ್ಯಾರಮೆಲ್ ಬಣ್ಣವಿರುವ ಮಾಲ್ಟ್ ಪಾನೀಯ ಎಂಬ ಒಕ್ಕಣೆ. 2023ರ ಜನವರಿಯಲ್ಲಿ ಇಲಿನಾಯ್ ರಾಜ್ಯದಲ್ಲಿ ಗ್ರಾಹಕರ ಪರವಾಗಿ ಮೊಕದ್ದಮೆ ಹೂಡಲಾಯಿತು. ವಿಸ್ಕಿ ಎಂದು ನಂಬಿ ಕೊಂಡದ್ದು ವಿಸ್ಕಿ ಅಲ್ಲ ಎಂಬುದು ದೂರು.

ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಬರೆದವು. ನನಗೆ ಇದರಲ್ಲಿ ಕಾಣುವುದು ಬೇರೆ. ಗ್ರಾಹಕನಿಗೆ ಮೋಸವಾಯಿತು ಎಂಬ ದೂರು ತೀರಾ ಚಿಕ್ಕದು. ಶೇ. 33ರ ಬಾಟಲಿ ಹೊಸಬನನ್ನು ವಿಸ್ಕಿಯತ್ತ ಕರೆಯುವ ಮೆಟ್ಟಿಲಾದರೆ, ಶೇ. 16.5ರ ಪುಟ್ಟ ಸೀಸೆ ಆ ಮೆಟ್ಟಿಲಿಗೆ ಇನ್ನೊಂದು ಮೆಟ್ಟಿಲು. ಮದ್ಯದಂಗಡಿಗೆ ಹೋಗಲು ಒಂದು ನಿರ್ಧಾರ ಬೇಕು. ಬ್ರೆಡ್ಡು, ಹಾಲು, ಚೂಯಿಂಗ್ ಗಮ್ ಕೊಳ್ಳುವಲ್ಲಿ ಕೈಗೆ ಸಿಗುವ ಸೀಸೆಗೆ ಯಾವ ನಿರ್ಧಾರವೂ ಬೇಡ. ವಯಸ್ಸಿನ ದಾಖಲೆ ಕೇಳುತ್ತಾರೆ, ನಿಜ. ಆದರೆ ಗಲ್ಲಾಪೆಟ್ಟಿಗೆಯ ಎದುರು ಅಮ್ಮನ ಕೈಹಿಡಿದು ನಿಂತ ಮಗು ಕೊಳ್ಳದಿದ್ದರೂ ನೋಡುತ್ತದೆ. ಹತ್ತು ವರ್ಷ ನೋಡಿದ ಚಿತ್ರವನ್ನು ಹನ್ನೊಂದನೇ ವರ್ಷಕ್ಕೆ ಪರಿಚಯಿಸಬೇಕಾಗಿಲ್ಲ.

ಇದು ಅತಿಯಾದ ಅನುಮಾನ ಎನ್ನುವವರು ಅದೇ ದೇಶದ ಇನ್ನೊಂದು ಕಾನೂನನ್ನು ಓದಬೇಕು. 2009ರ ಜೂನ್‌ನಲ್ಲಿ ಅಧ್ಯಕ್ಷ ಒಬಾಮಾ ತಂಬಾಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು. ಅದರಂತೆ ಆ ವರ್ಷದ ಸೆಪ್ಟೆಂಬರ್‌ನಿಂದ ಸಿಗರೇಟಿಗೆ ರುಚಿ ಬೆರೆಸುವುದು ನಿಷಿದ್ಧವಾಯಿತು (ಮೆಂಥಾಲ್‌ಗೆ ಮಾತ್ರ ವಿನಾಯಿತಿ ಸಿಕ್ಕಿತು, ಅದರ ಹಿಂದಿನ ರಾಜಕೀಯ ಬೇರೆಯೇ ಕಥೆ). ರುಚಿಯಿರುವ ಸಿಗರೇಟು ಮಕ್ಕಳನ್ನು ಚಟಕ್ಕೆ ಎಳೆಯುತ್ತದೆ ಎಂಬುದು ಕಾರಣ. ಕಾಯ್ದೆ ನಿಷೇಧಿತ ರುಚಿಗಳನ್ನು ಹೆಸರಿಸುತ್ತದೆ: ಸ್ಟ್ರಾಬೆರ್ರಿ, ದ್ರಾಕ್ಷಿ, ಕಿತ್ತಳೆ, ಲವಂಗ, ವೆನಿಲ್ಲಾ, ಚಾಕೊಲೆಟ್... ಆ ಪಟ್ಟಿಯಲ್ಲಿ ಚೆರ್ರಿ ಇದೆ. ದಾಲ್ಚಿನ್ನಿಯೂ ಇದೆ. ಚೆರ್ರಿಯ ರೆಡ್ ಸ್ಟ್ಯಾಗ್ ಮಾರುಕಟ್ಟೆಗೆ ಬಂದದ್ದು ಅದೇ 2009ರಲ್ಲಿ! ದಾಲ್ಚಿನ್ನಿಯ ಫೈರ್‌ಬಾಲ್ ಗಗನಕ್ಕೇರಿದ್ದು ಅದರ ಬೆನ್ನಿಗೇ. ಸಿಗರೇಟಿನಲ್ಲಿ ಮಕ್ಕಳಿಗೆ ಬಲೆಯಾದ ರುಚಿ ಗಾಜಿನ ಬಾಟಲಿಯೊಳಗೆ ‘ಹೊಸತನ’ವಾಯಿತು. ತಂಬಾಕು ಅಲ್ಲಿ ಆಹಾರ ಮತ್ತು ಔಷಧ ಇಲಾಖೆಯ ಸುಪರ್ದಿಗೆ ಬರುತ್ತದೆ. ಮದ್ಯದ ಲೇಬಲ್ಲು ನೋಡಿಕೊಳ್ಳುವುದು ಖಜಾನೆ ಇಲಾಖೆಯ ತೆರಿಗೆ ವಿಭಾಗ. ಒಂದೇ ದಾಲ್ಚಿನ್ನಿಯನ್ನು ಒಂದು ಕಚೇರಿ ಆರೋಗ್ಯದ ಕಣ್ಣಿನಿಂದಲೂ ಇನ್ನೊಂದು ತಿಜೋರಿಯ ಕಣ್ಣಿನಿಂದಲೂ ನೋಡಿದರೆ ಹೀಗಾಗುತ್ತದೆ.

ಈ ನಡುವೆ 2014ರಲ್ಲಿ ಫಿನ್ಲೆಂಡ್, ಸ್ವೀಡನ್, ನಾರ್ವೆಗಳಲ್ಲಿ ಫೈರ್‌ಬಾಲನ್ನು ಅಂಗಡಿಗಳಿಂದ ವಾಪಸ್ ಪಡೆಯಲಾಯಿತು. ಅದರಲ್ಲಿದ್ದ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕದ ಪ್ರಮಾಣ ಯುರೋಪಿನ ಮಿತಿಯನ್ನು ಮೀರಿತ್ತು. ‘ಮದ್ಯದಲ್ಲಿ ವಾಹನದ ರಾಸಾಯನಿಕ’ ಎಂದು ಗುಲ್ಲೆದ್ದಿತು. ಆ ಗುಲ್ಲಿನಲ್ಲಿ ಹುರುಳು ಕಡಿಮೆ. ಆ ದ್ರಾವಕವನ್ನು ಹಲವು ಆಹಾರ ಪದಾರ್ಥಗಳಲ್ಲಿ ಮಿತಿಯೊಳಗೆ ಬಳಸುತ್ತಾರೆ, ಅಮೆರಿಕದ ಮಿತಿ ಯುರೋಪಿನದ್ದಕ್ಕಿಂತ ಸಡಿಲ ಅಷ್ಟೆ. ಅದನ್ನು ಹಿಡಿದು ಭಯ ಹುಟ್ಟಿಸುವವರು ಬಾಟಲಿಯಲ್ಲಿರುವ ನಿಜವಾದ ವಿಷವನ್ನು ಮರೆಮಾಡುತ್ತಾರೆ. ಮದ್ಯಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಮದ್ಯ ಮತ್ತು ಕ್ಯಾನ್ಸರ್‌ನ ಸಂಬಂಧದ ಬಗ್ಗೆ ಎಚ್ಚರಿಕೆ ಪತ್ರ ಹೊರಡಿಸಿದರು. ಆ ಹುದ್ದೆಯಲ್ಲಿ ಆಗ ಇದ್ದವರು ಡಾ. ವಿವೇಕ್ ಮೂರ್ತಿ. ಅವರ ಹೆತ್ತವರ ಮೂಲ ನಮ್ಮ ಮಂಡ್ಯ ಜಿಲ್ಲೆ.

ಅಮಲಿನ ಬಗ್ಗೆ ಮುಸ್ಲಿಮ್ ಸಮುದಾಯದ ನಿಲುವು ಎಲ್ಲರಿಗೂ ಗೊತ್ತಿರುವುದೇ, ಅದನ್ನು ಇಲ್ಲಿ ಬೋಧಿಸುವ ಅಗತ್ಯವಿಲ್ಲ. ಆದರೆ ಆ ಪರಂಪರೆಯ ಒಂದು ತರ್ಕ ಈ ವಿಮರ್ಶೆಗೆ ನೇರವಾಗಿ ಸಂಬಂಧಿಸಿದೆ. ಯಾವುದು ಹೆಚ್ಚಾದರೆ ಅಮಲು ತರುತ್ತದೋ ಅದರ ಅಲ್ಪವೂ ವರ್ಜ್ಯ ಎಂಬರ್ಥದ ಪ್ರವಾದಿ ವಚನವೊಂದು ಹದೀಸ್ ಗ್ರಂಥಗಳಲ್ಲಿ ಬರುತ್ತದೆ. ಇದನ್ನು ಬಹಳ ಮಂದಿ ಕೇವಲ ಕಟ್ಟುನಿಟ್ಟಾಗಿ ಕಂಡಿದ್ದಾರೆ. ನನಗೆ ಇದರಲ್ಲಿ ಮನುಷ್ಯ ಸ್ವಭಾವದ ಸೂಕ್ಷ್ಮ ಅಧ್ಯಯನ ಕಾಣುತ್ತದೆ. ಒಂದು ತೊಟ್ಟಿನಿಂದ ಯಾರೂ ಹಾಳಾಗುವುದಿಲ್ಲ, ಸರಿ. ಆದರೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಬೇಕಾದ ಬುದ್ಧಿಯನ್ನೇ ಮೊದಲು ಮಂಕಾಗಿಸುವ ವಸ್ತುವಿನ ವಿಷಯದಲ್ಲಿ ಗೆರೆಯನ್ನು ನಡುವೆ ಎಲ್ಲೋ ಎಳೆಯಲಾಗದು, ಆರಂಭದಲ್ಲೇ ಎಳೆಯಬೇಕು. ಮದ್ಯ ಕಂಪನಿಗಳಿಗೂ ಇದು ಗೊತ್ತು. ಅವು ಇದೇ ತಿಳಿವಳಿಕೆಯನ್ನು ತಿರುಗಿಸಿ ಬಳಸಿಕೊಂಡಿವೆ. ಆರಂಭದ ಗೆರೆಯನ್ನು ಅಳಿಸಿದರೆ ಸಾಕು, ಮುಂದಿನದ್ದು ತಾನಾಗಿ ಆಗುತ್ತದೆ. ಅಂದಹಾಗೆ ‘ಆಲ್ಕೋಹಾಲ್’ ಎಂಬ ಪದವೇ ಅರಬಿಯ ‘ಅಲ್-ಕುಹ್ಲ್’ನಿಂದ ಬಂದದ್ದು. ಅದು ಕಣ್ಣಿಗೆ ಹಚ್ಚುವ ಸುರ್ಮಾದ ನುಣುಪು ಪುಡಿ. ಯುರೋಪಿಗೆ ಹೋದ ಮೇಲೆ ಅದರ ಅರ್ಥ ಸಾರ, ಸತ್ವ ಎಂದಾಗಿ ಕೊನೆಗೆ ಮದ್ಯಸಾರಕ್ಕೆ ಅಂಟಿಕೊಂಡಿತು.

ಸಿಹಿಯಿಂದ ಚಟ ಕಲಿಸುವುದು ನಮಗೇನು ಹೊಸದಲ್ಲ. ನಮ್ಮ ಊರುಗಳ ಗೂಡಂಗಡಿಯಲ್ಲಿ ತೂಗುಹಾಕಿರುವ ಸಿಹಿ ಸುಪಾರಿಯ ಮಾಲೆಯನ್ನು ನೆನಪಿಸಿಕೊಳ್ಳಿ. ಶಾಲೆಯ ಹುಡುಗನಿಗೆ ಅದು ಮಿಠಾಯಿ. ಅಲ್ಲಿಂದ ಪಾನ್ ಮಸಾಲ, ಪಾನ್ ಮಸಾಲದಿಂದ ತಂಬಾಕು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದಾಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಕ್ಕಪಕ್ಕದಲ್ಲೇ ಉಳಿದವು, ಬೆರೆಸುವ ಕೆಲಸ ಮಾತ್ರ ಗಿರಾಕಿಯದ್ದಾಯಿತು. ಹಣ್ಣಿನ ರುಚಿಯ ಹುಕ್ಕಾವನ್ನು ರಾಜ್ಯ ಸರಕಾರ 2024ರಲ್ಲಿ ನಿಷೇಧಿಸಿತು, ಅದಕ್ಕೂ ಯುವಜನರ ಆರೋಗ್ಯವೇ ಕಾರಣ. ಮದ್ಯದ ವಿಷಯಕ್ಕೆ ಬಂದಾಗ ಮಾತ್ರ ಸರಕಾರದ ನಾಲಿಗೆ ತೊದಲುತ್ತದೆ. ಅಬಕಾರಿ ಆದಾಯ ಎಂಬುದೂ ಒಂದು ಚಟ ತಾನೇ?

2007ರಲ್ಲಿ ಸಾರಾಯಿ ನಿಷೇಧವಾದಾಗ ಬಡವರ ಮನೆ ಉಳಿಯಿತೆಂದು ಸಂಭ್ರಮಿಸಿದೆವು. ಸಾರಾಯಿ ಪ್ಯಾಕೆಟಿನ ಜಾಗಕ್ಕೆ 90 ಮಿ.ಲೀ. ವಿಸ್ಕಿಯ ಟೆಟ್ರಾಪ್ಯಾಕ್ ಬಂತು. ಮಕ್ಕಳು ಸ್ಟ್ರಾ ಹಾಕಿ ಕುಡಿಯುವ ಮಾವಿನ ರಸದ ಪೊಟ್ಟಣದ ಅಣ್ಣನಂತಿರುವ ಪೊಟ್ಟಣ ಅದು. ಅದರೊಳಗಿನ ವಿಸ್ಕಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು, ಯುರೋಪಿನ ಕಾನೂನಿನಲ್ಲಿ ಅದನ್ನು ವಿಸ್ಕಿಯೆಂದು ಕರೆಯಲೂ ಬರುವುದಿಲ್ಲ. ಆದರೆ ಅದರ ಮದ್ಯಸಾರ ಶೇ. 42.8, ಸ್ಕಾಚ್‌ನ ಕನಿಷ್ಠಕ್ಕಿಂತ ಮೇಲು. ನಗರದ ಹೊಸಬರಿಗೆ ಬೇರೆ ವ್ಯವಸ್ಥೆಯಿದೆ: ಬಣ್ಣಬಣ್ಣದ ಶೇ. 4.8ರ ಬ್ರೀಜರ್, ಸೇಬಿನ ರುಚಿಯ ವೋಡ್ಕಾ. ‘ಇದರಲ್ಲಿ ಏನೂ ಇಲ್ಲ, ಜ್ಯೂಸ್ ಇದ್ದ ಹಾಗೆ’ ಎಂಬ ಮಾತನ್ನು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿರುವ ಮಕ್ಕಳು ಕೇಳಿಯೇ ಇರುತ್ತಾರೆ, ಅವರು ಯಾವ ಧರ್ಮದ ಮನೆಯವರೇ ಆಗಿರಲಿ. ‘ಬೇಡ’ ಎನ್ನಲು ಮಗುವಿಗೆ ಮನೆಯಲ್ಲಿ ಕಲಿಸಿರುವುದು ಕಹಿಯಾದ, ನಾರುವ, ಕುಡುಕನ ಕೈಯ ಬಾಟಲಿಗೆ. ಎದುರಿಗೆ ಬಂದದ್ದು ಗುಲಾಬಿ ಬಣ್ಣದ್ದು, ಕೊಟ್ಟವನು ಗೆಳೆಯ. ನಮ್ಮ ಉಪದೇಶಗಳು ಹಳೆಯ ಬಾಟಲಿಯನ್ನೇ ಬೈಯುತ್ತಾ ಕುಳಿತಿವೆ.

2023ರ ಜನವರಿಯಲ್ಲಿ, ಅಲ್ಲಿ ಪುಟ್ಟ ಸೀಸೆಯ ಮೊಕದ್ದಮೆ ಹೂಡಿದ ಅದೇ ತಿಂಗಳು, ಕರ್ನಾಟಕ ಸರಕಾರ ಮದ್ಯ ಕೊಳ್ಳುವ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಪ್ರಕಟಿಸಿತು. ಕಾಯ್ದೆಯಲ್ಲಿ 18, ನಿಯಮದಲ್ಲಿ 21 ಎಂದಿದೆ, ಆ ಗೊಂದಲ ನಿವಾರಿಸುತ್ತೇವೆ ಎಂಬುದು ಸಮಜಾಯಿಷಿ. ಗೊಂದಲವನ್ನು ಕಾಯ್ದೆಯನ್ನು 21ಕ್ಕೆ ಏರಿಸಿಯೂ ನಿವಾರಿಸಬಹುದಿತ್ತು. ಜನರ ವಿರೋಧ ಬಂದ ಮೇಲೆ ಕರಡನ್ನು ಕೈಬಿಟ್ಟರು. ವಯಸ್ಸಿನ ಬಗ್ಗೆ ಅಷ್ಟು ಚರ್ಚೆಯಾಯಿತು, ಆ ವಯಸ್ಸಿನವರ ನಾಲಿಗೆಗೆಂದೇ ತಯಾರಾಗುವ ರುಚಿಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಮದ್ಯದ ಬಾಟಲಿಯ ಮೇಲೆ ‘ಆರೋಗ್ಯಕ್ಕೆ ಹಾನಿಕರ’ ಎಂಬ ಎಚ್ಚರಿಕೆಯನ್ನು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಿಂದ ಕಡ್ಡಾಯ ಮಾಡಿದೆ. ಅಷ್ಟರ ಮಟ್ಟಿಗೆ ಸಂತೋಷ. ಆದರೆ ಒಳಗೆ ಎಷ್ಟು ಸಕ್ಕರೆ ಬೆರೆಸಲಾಗಿದೆ ಎಂದು ಅದರ ಮೇಲೆ ಬರೆಯಬೇಕಾಗಿಲ್ಲ. ಅಮೆರಿಕದಲ್ಲೂ ಬರೆಯಬೇಕಾಗಿರಲಿಲ್ಲ, 2025ರ ಜನವರಿಯಲ್ಲಷ್ಟೇ ಅಲ್ಲಿನ ಇಲಾಖೆ ಪೋಷಕಾಂಶಗಳ ಮಾಹಿತಿಯನ್ನು ಕಡ್ಡಾಯಗೊಳಿಸುವ ಪ್ರಸ್ತಾವ ಮುಂದಿಟ್ಟಿತು. ಹತ್ತು ರೂಪಾಯಿಯ ಬಿಸ್ಕೆಟ್ ಪೊಟ್ಟಣದ ಬೆನ್ನಿನ ಮೇಲೆ ನೂರು ಗ್ರಾಮಿಗೆ ಎಷ್ಟು ಸಕ್ಕರೆ ಎಂದು ಅಚ್ಚಾಗಿರುತ್ತದೆ. ಮಗು ಅದನ್ನು ಓದುವುದಿಲ್ಲ, ತಾಯಿ ಓದುತ್ತಾಳೆ.